ವಯಸ್ಸಾದ್ಮೇಲೆ ಅಪ್ಪ ಆಗೋ ಪ್ಲಾನ್ ಇದ್ಯಾ? ವೀರ್ಯದ ಆರೋಗ್ಯ ಎಲ್ಲಿಂದ ಶುರು ಮಾಡಿ ನೋಡ್ಕೋಬೇಕು ಅಂತ ಒಂದೊಂದಾಗಿ

ಗಂಡಸಿಗೆ ವಯಸ್ಸಿನ ಲೆಕ್ಕ ಇಲ್ಲ, ಎಪ್ಪತ್ತಾದ್ರೂ ಮಗು ಆಗತ್ತೆ ಅನ್ನೋ ಮಾತು ಎಲ್ರೂ ಕೇಳಿರ್ತೀವಿ. ಅದು ಪೂರ್ತಿ ಸುಳ್ಳಲ್ಲ, ಹೆಂಗಸ್ರಿಗೆ ಮೊಟ್ಟೆಗಳೆಲ್ಲಾ ಹುಟ್ಟೋವಾಗ್ಲೇ ಇರತ್ತೆ, ಆಮೇಲೆ ಕಮ್ಮಿ ಆಗ್ತಾ ಹೋಗೋದಷ್ಟೇ, ಗಂಡಸ್ರಿಗೆ ಹಾಗಲ್ಲ, ಹದಿಹರೆಯದಿಂದ ಶುರುವಾದ್ರೆ ಕೊನೇವರೆಗೂ ವೀರ್ಯಾಣು ಹೊಸದಾಗಿ ತಯಾರಾಗ್ತಾನೇ ಇರತ್ತೆ. ಆದ್ರೆ ತಯಾರಾಗತ್ತೆ ಅನ್ನೋದು ಬೇರೆ, ಇಪ್ಪತ್ತೈದರಲ್ಲಿ ಇದ್ದ ಹಾಗೇ ತಯಾರಾಗತ್ತೆ ಅನ್ನೋದು ಬೇರೆ. ಜನ ಇವೆರಡನ್ನೂ ಒಂದೇ ಅನ್ಕೊಂಡು ಕೂತಿರ್ತಾರೆ, ಅಷ್ಟರಲ್ಲಿ ಹೆಂಡ್ತಿಗೆ ಹತ್ತು ಟೆಸ್ಟ್ ಆಗಿರತ್ತೆ, ಗಂಡಂಗೆ ಒಂದೂ ಆಗಿರಲ್ಲ.

ವಯಸ್ಸನ್ನ ಹಿಂದಕ್ಕೆ ತಳ್ಳೋಕೆ ಯಾರ ಕೈಲೂ ಆಗಲ್ಲ. ಆದ್ರೆ ವಯಸ್ಸಿನ ಜೊತೆಗೆ ಬಂದು ಸೇರ್ಕೊಳ್ಳೋವು ಇದಾವಲ್ಲ, ತೂಕ, ಶುಗರ್, ಸಿಗರೇಟು, ಯಾವ್ಯಾವ್ದೋ ಮಾತ್ರೆ, ಯಾವತ್ತೂ ತೋರ್ಸದೇ ಬಿಟ್ಟ ವೇರಿಕೋಸೀಲ್ (ವೃಷಣದ ರಕ್ತನಾಳ ಉಬ್ಬೋದು), ಅವುಗಳ ಬಗ್ಗೆ ಏನಾದ್ರೂ ಮಾಡ್ಬಹುದು. ಎಷ್ಟೋ ಸಲ ವಯಸ್ಸಿಗಿಂತ ಜಾಸ್ತಿ ಹಾಳು ಮಾಡೋದು ಇವೇ. ಅದಕ್ಕೇ ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋ ಆರ್ಡರ್ ಮುಖ್ಯ.

ಮೊದ್ಲು, ವಯಸ್ಸು ನಿಜವಾಗ್ಲೂ ಏನ್ ಮಾಡತ್ತೆ

ತುಂಬಾ ಜನ ಅನ್ಕೊಂಡಿರೋದು ವಯಸ್ಸಾದ್ರೆ ಕೌಂಟ್, ಅಂದ್ರೆ ವೀರ್ಯಾಣುಗಳ ಸಂಖ್ಯೆ, ಬಿದ್ದೋಗತ್ತೆ ಅಂತ. ಕೌಂಟ್ ಅಷ್ಟಾಗಿ ಬೀಳಲ್ಲ. ನಿಧಾನವಾಗಿ ಕಮ್ಮಿ ಆಗೋದು ವೀರ್ಯದ ಪ್ರಮಾಣ, ವೀರ್ಯಾಣುಗಳ ಓಟ ಅಂದ್ರೆ ಮೊಟಿಲಿಟಿ, ಮತ್ತೆ ಸರಿಯಾದ ಆಕಾರ ಇರೋವುಗಳ ಪಾಲು. ಇದಕ್ಕಿಂತ ಮುಖ್ಯವಾದ್ದು ಮಾಮೂಲಿ ರಿಪೋರ್ಟಲ್ಲಿ ಕಾಣ್ಸೋದೇ ಇಲ್ಲ, ಅದು ಒಳಗಿರೋ ಡಿಎನ್‌ಎ. ವಯಸ್ಸಾಗ್ತಾ ಡಿಎನ್‌ಎ ತುಂಡಾಗಿರೋ ವೀರ್ಯಾಣುಗಳು ಜಾಸ್ತಿ ಆಗತ್ತೆ, ಅಂಥ ವೀರ್ಯಾಣು ಮೊಟ್ಟೆ ತಂಕ ಹೋಗಿ ಸೇರ್ಕೊಂಡ್ರೂ ಗರ್ಭ ನಿಲ್ಲದೇ ಹೋಗೋ ಸಾಧ್ಯತೆ ಜಾಸ್ತಿ. ತಂದೆ ವಯಸ್ಸು 40 ದಾಟಿದ್ರೆ ಗರ್ಭಪಾತದ ರಿಸ್ಕ್ ಸ್ವಲ್ಪ ಏರತ್ತೆ ಅಂತ ಹೇಳೋದಕ್ಕೆ ಇದೂ ಒಂದು ಕಾರಣ, ಇಷ್ಟು ವರ್ಷ ಆ ತಪ್ಪನ್ನೆಲ್ಲಾ ಹೆಂಗಸ್ರ ತಲೆಗೇ ಕಟ್ಟಿದ್ರು ಅನ್ನೋದು ಬೇರೆ ಮಾತು.

ಇನ್ನೊಂದು ಮ್ಯುಟೇಶನ್ ವಿಷ್ಯ, ಅಂದ್ರೆ ಡಿಎನ್‌ಎಯಲ್ಲಿ ಹೊಸದಾಗಿ ಆಗೋ ಬದಲಾವಣೆ. ವೀರ್ಯಾಣು ತಯಾರು ಮಾಡೋ ಮೂಲ ಕೋಶಗಳು ಸುಮಾರು 16 ದಿನಕ್ಕೊಂದ್ಸಲ ಒಡೀತವೆ, ವರ್ಷಕ್ಕೆ 23 ಸಲ ಅಂತಿಟ್ಕೊಳ್ಳಿ, ಪ್ರತಿ ಸಲ ಇಡೀ ಡಿಎನ್‌ಎ ಕಾಪಿ ಆಗ್ಬೇಕು. ಒಬ್ರ ನೋಟ್ಸ್ ನೋಡಿ ಇನ್ನೊಬ್ರು ಬರ್ಕೊಂಡು, ಅದನ್ನ ನೋಡಿ ಮತ್ತೊಬ್ರು ಬರ್ಕೊಂಡ್ರೆ ಒಂದೊಂದು ಅಕ್ಷರ ತಪ್ಪೋದು ಹೇಗೆ ಸೇರ್ತಾ ಹೋಗತ್ತೋ ಇದೂ ಹಾಗೇ. 2012ರಲ್ಲಿ ಐಸ್‌ಲ್ಯಾಂಡಿನ ಕುಟುಂಬಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಅಪ್ಪನ ವಯಸ್ಸು ಒಂದೊಂದ್ ವರ್ಷ ಜಾಸ್ತಿ ಆದ ಹಾಗೆ ಮಗೂಗೆ ಸುಮಾರು 2 ಹೊಸ ಮ್ಯುಟೇಶನ್ ಹೆಚ್ಚಾಗಿ ಹೋಗತ್ತೆ ಅಂತ ಗೊತ್ತಾಯ್ತು. ಅಪ್ಪಂಗೆ 20 ಇದ್ದಾಗ ಸುಮಾರು 25, 40 ಇದ್ದಾಗ ಸುಮಾರು 65. ಕೇಳಿದ ತಕ್ಷಣ ಗಾಬರಿ ಆಗತ್ತೆ, ಆಗ್ಬೇಡಿ, ಮನುಷ್ಯನ ಜೀನೋಮಲ್ಲಿ, ಅಂದ್ರೆ ಇಡೀ ಡಿಎನ್‌ಎಯಲ್ಲಿ, 300 ಕೋಟಿ ಅಕ್ಷರ ಇದೆ, ಈ ಮ್ಯುಟೇಶನ್‌ಗಳಲ್ಲಿ ಬಹುಪಾಲು ಏನೂ ಮಾಡಲ್ಲ. ಇದರ ಲೆಕ್ಕ ಕೊನೇಲಿ ಮತ್ತೆ ನೋಡೋಣ.

ಗಂಡಸುತನದ ಹಾರ್ಮೋನ್ ಟೆಸ್ಟೋಸ್ಟೆರಾನ್ ಕೂಡ ಮೂವತ್ತು ನಲವತ್ತರ ಆಚೆ ವರ್ಷಕ್ಕೆ ಸುಮಾರು 1 ಪರ್ಸೆಂಟ್ ಇಳೀತಾ ಹೋಗತ್ತೆ. ಇಳಿಯೋದು ನಿಧಾನ, ಆದ್ರೆ ಹೊಟ್ಟೆ ಬೊಜ್ಜು, ಶುಗರ್, ನಿದ್ದೆಗೆಡೋದು ಸೇರ್ಕೊಂಡ್ರೆ ಜೋರಾಗತ್ತೆ.

ಸ್ಟೆಪ್ 1: ಎಷ್ಟು ಕಾಯೋದು ಅಂತ ಇಬ್ರೂ ಕೂತು ಡಿಸೈಡ್ ಮಾಡಿ

ಮಾಮೂಲಿ ನಿಯಮ ಏನಂದ್ರೆ, ಯಾವ ಗರ್ಭನಿರೋಧಕನೂ ಇಲ್ದೇ ಒಂದ್ ವರ್ಷ ಪ್ರಯತ್ನ ಮಾಡಿ ಆಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗ್ಬೇಕು, ಹೆಂಡ್ತಿಗೆ 35 ದಾಟಿದ್ರೆ 6 ತಿಂಗಳಿಗೇ ಹೋಗ್ಬೇಕು, 40 ದಾಟಿದ್ರೆ ಕಾಯೋದೇ ಬೇಡ. ನೋಡಿ, ಇಲ್ಲಿ ಗಂಡನ ವಯಸ್ಸು ಲೆಕ್ಕಕ್ಕೇ ಬಂದಿಲ್ಲ. ಯಾಕಂದ್ರೆ ಗರ್ಭ ನಿಲ್ಲೋ ವಿಷ್ಯದಲ್ಲಿ ಹೆಂಗಸಿನ ವಯಸ್ಸಿನ ಪ್ರಭಾವವೇ ದೊಡ್ಡದು, ಅದನ್ನ ಮುಚ್ಚಿಡೋ ಹಾಗಿಲ್ಲ. ಆದ್ರೂ ನಂಗನ್ಸೋದು, ಗಂಡಂಗೆ 40 ಆಗಿದ್ರೆ ಒಂದ್ ಸೆಮೆನ್ (ವೀರ್ಯ) ಟೆಸ್ಟ್ ಮಾಡ್ಸೋಕೆ ವರ್ಷಗಟ್ಲೆ ಕಾಯೋದ್ರಲ್ಲಿ ಅರ್ಥ ಇಲ್ಲ, ಸೂಜಿ ಇಲ್ಲ, ನೋವಿಲ್ಲ, ಅರ್ಧ ಗಂಟೆ ಕೆಲ್ಸ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣ ಒಂದೋ ಪೂರ್ತಿಯಾಗಿ ಇಲ್ಲಾ ಸ್ವಲ್ಪ ಮಟ್ಟಿಗೆ ಇದ್ದೇ ಇರತ್ತೆ. ಅಂದ್ಮೇಲೆ ಇಬ್ರ ಟೆಸ್ಟೂ ಒಟ್ಟಿಗೇ ಶುರುವಾಗ್ಬೇಕು, "ಮೊದ್ಲು ಅವಳದ್ದು ಆಗ್ಲಿ, ಆಮೇಲೆ ನಂದು ನೋಡೋಣ" ಅನ್ನೋದ್ರಲ್ಲಿ ಹೋಗೋ ತಿಂಗಳುಗಳು ಅವಳ ಲೆಕ್ಕದಿಂದ ಹೋಗತ್ತೆ.

ಕೆಲವರು ಒಂದ್ ದಿನಾನೂ ಕಾಯ್ಬಾರ್ದು. ಚಿಕ್ಕವರಿದ್ದಾಗ ವೃಷಣ ಕೆಳಗಿಳಿದಿರ್ಲಿಲ್ಲ ಅಂತ ಆಪರೇಶನ್ ಆಗಿರೋವ್ರು, ದೊಡ್ಡವರಾದ್ಮೇಲೆ ಮಂಗನಬಾವು ಬಂದು ವೃಷಣ ಊದ್ಕೊಂಡಿದ್ದವ್ರು, ಕೀಮೋ ಅಥವಾ ರೇಡಿಯೇಶನ್ ತಗೊಂಡಿರೋವ್ರು, ಆ ಭಾಗಕ್ಕೆ ಜೋರು ಪೆಟ್ಟು ಬಿದ್ದಿರೋವ್ರು, ತುಂಬಾ ವರ್ಷದಿಂದ ಶುಗರ್ ಇರೋವ್ರು, ಸೀದಾ ಟೆಸ್ಟ್‌ಗೆ ಹೋಗಿ.

ಸ್ಟೆಪ್ 2: ಸೆಮೆನ್ ಅನಾಲಿಸಿಸ್, ಸರಿಯಾಗಿ ಕೊಟ್ರೆ ಮಾತ್ರ ಪ್ರಯೋಜನ

ಎಡವಟ್ಟು ಜಾಸ್ತಿ ಆಗೋದು ಇಲ್ಲೇ. ಸ್ಯಾಂಪಲ್ ಕೊಡೋಕೆ ಮುಂಚೆ 2ರಿಂದ 7 ದಿನ ವೀರ್ಯ ಹೊರಗೆ ಹೋಗಿರ್ಬಾರ್ದು. ಕೆಲವರು ಜಾಸ್ತಿ ಬರ್ಲಿ ಅಂತ ಎರಡ್ ವಾರ ಮೂರ್ ವಾರ ತಡ್ಕೊಂಡು ಹೋಗ್ತಾರೆ, ಕೌಂಟ್ ಚೆನ್ನಾಗೇ ಕಾಣತ್ತೆ, ಆದ್ರೆ ಒಳಗೇ ಹಳೇದಾಗಿ ಕೂತಿದ್ದು ಸತ್ತಿರತ್ತೆ, ಓಟ ಕಮ್ಮಿ, ಡಿಎನ್‌ಎ ಡ್ಯಾಮೇಜ್ ಜಾಸ್ತಿ. ಎರಡ್ನೇ ಸಲ ಕೊಡುವಾಗ ಮೊದಲ್ನೇ ಸಲ ಎಷ್ಟು ದಿನ ಗ್ಯಾಪ್ ಬಿಟ್ಟಿದ್ರೋ ಅಷ್ಟೇ ಬಿಡಿ, ಇಲ್ಲಾಂದ್ರೆ ಎರಡು ರಿಪೋರ್ಟನ್ನ ಪಕ್ಕಪಕ್ಕ ಇಟ್ಟು ನೋಡೋಕಾಗಲ್ಲ.

ಆದಷ್ಟು ಲ್ಯಾಬಲ್ಲೇ ಕೊಡಿ. ಮನೇಲಿ ತೆಗೀಬೇಕು ಅಂದ್ರೆ ಲ್ಯಾಬ್‌ನವರು ಕೊಟ್ಟಿರೋ ಡಬ್ಬೀಲೇ ತೆಗೀರಿ, ಮೈ ಬಿಸಿಗೆ ತಾಗೋ ಹಾಗೆ ಒಳಜೇಬಲ್ಲಿ ಇಟ್ಕೊಂಡು 1 ಗಂಟೆ ಒಳಗೆ ತಲುಪ್ಸಿ. ಮಾಮೂಲಿ ಕಾಂಡೋಮಲ್ಲಿ ಹಿಡಿಯೋ ಹಾಗಿಲ್ಲ, ಎಂಜಲು, ಎಣ್ಣೆ, ಸೋಪು, ಜೆಲ್ ಯಾವ್ದೂ ತಾಗ್ಬಾರ್ದು. ಮೊದಲ್ನೇ ಹನಿಗಳು ಡಬ್ಬಿಯಿಂದ ಆಚೆ ಬಿತ್ತು ಅಂದ್ರೆ ನಾಚ್ಕೊಳ್ದೇ ಹೇಳಿ, ಯಾಕಂದ್ರೆ ವೀರ್ಯಾಣು ಜಾಸ್ತಿ ಇರೋದೇ ಆ ಭಾಗದಲ್ಲಿ. ಹಿಂದಿನ ಎರಡ್ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ರೆ ಅದನ್ನೂ ಹೇಳ್ಬೇಕು. ಒಂದು ವೀರ್ಯಾಣು ಮೊದಲಿಂದ ತಯಾರಾಗೋಕೆ ಸುಮಾರು 70 ದಿನ ಬೇಕು, ಆಮೇಲೆ ಹೊರಗೆ ಬರೋ ದಾರೀಲಿ ಇನ್ನೊಂದ್ ಹತ್ತು ಹದಿನೈದು ದಿನ, ಹತ್ತತ್ರ 3 ತಿಂಗಳು. ಇವತ್ತಿನ ರಿಪೋರ್ಟ್ ಹೇಳೋದು ನಿಮ್ಮ ಹಿಂದಿನ 3 ತಿಂಗಳ ಕಥೆ. ಈ 3 ತಿಂಗಳು ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದಿಂದೆಲ್ಲಾ ಇದರ ಮೇಲೇ ನಿಂತಿದೆ.

ಈಗ ರಿಪೋರ್ಟ್ ಓದೋದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಬಿಡುಗಡೆ ಮಾಡಿದ ಆರನೇ ಆವೃತ್ತಿ ಮ್ಯಾನ್ಯುಯಲ್ ಪ್ರಕಾರ ಕೆಳಗಿನ ಮಿತಿ ಹೀಗಿದೆ: ಪ್ರಮಾಣ 1.4 ಎಂಎಲ್, ಒಂದ್ ಎಂಎಲ್‌ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಅಲ್ಲಾಡೋವು 42 ಪರ್ಸೆಂಟ್, ಮುಂದಕ್ಕೆ ಓಡೋವು 30 ಪರ್ಸೆಂಟ್, ಸರಿಯಾದ ಆಕಾರದವು 4 ಪರ್ಸೆಂಟ್. ಹೌದು ನಾಲ್ಕೇ, ನೂರರಲ್ಲಿ 96 ವಕ್ರ ಇದ್ರೂ ನಾರ್ಮಲ್ಲೇ, ಆ ಒಂದ್ ಸಾಲು ನೋಡಿ ಗಂಡಸ್ರು ರಾತ್ರಿಯೆಲ್ಲಾ ನಿದ್ದೆ ಕೆಡ್ಸ್ಕೊಳ್ಳೋದು ಅನವಶ್ಯಕ. ಈ ನಂಬರ್‌ಗಳು ಎಲ್ಲಿಂದ ಬಂದ್ವು ಅಂತ ಗೊತ್ತಿದ್ರೆ ಇನ್ನೂ ಸಮಾಧಾನ ಆಗತ್ತೆ: ಒಂದ್ ವರ್ಷದೊಳಗೆ ಹೆಂಡ್ತಿ ಗರ್ಭಿಣಿ ಆದ ಗಂಡಸ್ರ ವೀರ್ಯ ಟೆಸ್ಟ್ ಮಾಡಿ, ಅವ್ರಲ್ಲಿ ತೀರಾ ಕೆಳಗಿನ 5 ಪರ್ಸೆಂಟ್ ಎಲ್ಲಿ ಬರ್ತಾರೋ ಅಲ್ಲಿಗೆ ಗೆರೆ ಹಾಕಿದಾರೆ. ಅಂದ್ರೆ ಗೆರೆ ಕೆಳಗಿರೋವ್ರಿಗೂ ಮಕ್ಕಳಾಗಿದಾವೆ, ಗೆರೆ ಮೇಲಿದ್ದ ಮಾತ್ರಕ್ಕೆ ಗ್ಯಾರಂಟಿನೂ ಇಲ್ಲ. ಒಂದೊಂದು ನಂಬರ್ ಹಿಡ್ಕೊಂಡು ಜಗ್ಗೋ ಬದ್ಲು ಒಟ್ಟಿಗೆ ನೋಡಿ, ಒಟ್ಟು ಕೌಂಟನ್ನ ಓಡೋ ಪರ್ಸೆಂಟ್ ಜೊತೆ ಗುಣಿಸಿದ್ರೆ ಬರೋ ಸಂಖ್ಯೆ, ಅಂದ್ರೆ ಕೆಲಸಕ್ಕೆ ಬರೋ ವೀರ್ಯಾಣು ಒಟ್ಟು ಎಷ್ಟು ಅನ್ನೋದು, ಹೆಚ್ಚು ಉಪಯೋಗದ್ದು.

ಒಂದ್ ಸಲ ಕೆಟ್ಟದಾಗಿ ಬಂತು ಅಂದ್ರೆ ಕೆಲವು ವಾರ ಬಿಟ್ಟು ಇನ್ನೊಂದ್ ಸಲ ಮಾಡ್ಸಿ, ಒಬ್ನೇ ಮನುಷ್ಯನ ರಿಪೋರ್ಟು ಒಂದ್ ಸಲಕ್ಕೂ ಇನ್ನೊಂದ್ ಸಲಕ್ಕೂ ತುಂಬಾ ಏರುಪೇರಾಗತ್ತೆ. ಮನೇಲೇ ನೋಡೋ ಕಿಟ್‌ಗಳು ಬಂದಿವೆ, ಅವು ಹೆಚ್ಚಾಗಿ ಕೌಂಟ್ ಮಾತ್ರ ಹೇಳೋದು, ಮೇಲೆ ಹೇಳಿದ ಹಾಗೆ ವಯಸ್ಸಾದ್ಮೇಲೆ ಕೌಂಟ್ ಚೆನ್ನಾಗಿದ್ರೂ ಉಳಿದಿದ್ದು ಕೆಟ್ಟಿರ್ಬಹುದು, ಅದ್ರಿಂದ ಕಿಟ್ ನಂಬ್ಕೊಂಡು ಸುಮ್ನಾಗ್ಬೇಡಿ. ಡಿಎನ್‌ಎ ಎಷ್ಟು ತುಂಡಾಗಿದೆ ಅಂತ ನೋಡೋ ಡಿಎನ್‌ಎ ಫ್ರಾಗ್ಮೆಂಟೇಶನ್ ಟೆಸ್ಟ್ ಮೊದಲ್ನೇ ದಿನಾನೇ ಎಲ್ರಿಗೂ ಬೇಕಾಗಲ್ಲ, ಮತ್ತೆ ಮತ್ತೆ ಗರ್ಭಪಾತ ಆಗ್ತಿದ್ರೆ ಅಥವಾ ಐವಿಎಫ್ (ಲ್ಯಾಬಲ್ಲಿ ಮೊಟ್ಟೆ, ವೀರ್ಯಾಣು ಸೇರ್ಸೋದು) ಫೇಲ್ ಆಗ್ತಿದ್ರೆ ಆಗ ಡಾಕ್ಟರ್ ಹತ್ರ ಅದರ ಬಗ್ಗೆ ಕೇಳಿ.

ಸ್ಟೆಪ್ 3: ತಗೊಳ್ತಿರೋ ಮಾತ್ರೆ, ಇಂಜೆಕ್ಷನ್ ಎಲ್ಲಾ ಬರೆದಿಡಿ

ಈ ಸ್ಟೆಪ್ಪನ್ನ ದಯವಿಟ್ಟು ಹಾರಿಸ್ಕೊಂಡು ಹೋಗ್ಬೇಡಿ, ಇಲ್ಲಿ ಒಂದ್ ದೊಡ್ಡ ಗುಂಡಿ ಇದೆ, ಅದರ ಹೆಸರು ಟೆಸ್ಟೋಸ್ಟೆರಾನ್.

ನಡೆಯೋದು ಹೀಗೆ. ನಲವತ್ತು ದಾಟಿದ ಮನುಷ್ಯಂಗೆ ಸುಸ್ತು, ಆಸಕ್ತಿ ಕಮ್ಮಿ, ಎಲ್ಲೋ ಓದ್ತಾನೆ ಟೆಸ್ಟೋಸ್ಟೆರಾನ್ ಕಮ್ಮಿ ಆಗಿರ್ಬೇಕು ಅಂತ, ಜಿಮ್ಮಲ್ಲಿ ಯಾರೋ ಹೇಳ್ತಾರೆ ಇಂಜೆಕ್ಷನ್ ತಗೋ ಅಂತ, ಗಂಡಸುತನದ ಹಾರ್ಮೋನ್ ಅಲ್ವಾ ಮಗು ಆಗೋಕೂ ಒಳ್ಳೇದೇ ಇರ್ಬೇಕು ಅನ್ಕೊಂಡು ಶುರು ಮಾಡ್ತಾನೆ. ಆಗೋದು ಪೂರ್ತಿ ಉಲ್ಟಾ. ಹೊರಗಿಂದ ಟೆಸ್ಟೋಸ್ಟೆರಾನ್ ಬಂದ್ರೆ ಮೆದುಳು ಸಾಕಷ್ಟಿದೆ ಅನ್ಕೊಂಡು ವೃಷಣಕ್ಕೆ ಕಳಿಸೋ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್ ನಿಲ್ಸಿಬಿಡತ್ತೆ, ಅವು ಇಲ್ದೇ ವೃಷಣದ ಒಳಗೆ ಟೆಸ್ಟೋಸ್ಟೆರಾನ್ ತಯಾರಾಗೋದೂ ನಿಲ್ಲತ್ತೆ, ವೀರ್ಯಾಣು ತಯಾರಾಗೋದೂ ನಿಲ್ಲತ್ತೆ. ರಕ್ತದಲ್ಲಿ ಲೆವೆಲ್ ಸೂಪರ್, ವೀರ್ಯದಲ್ಲಿ ಸೊನ್ನೆ. ಇದನ್ನೇ ಗಂಡಸ್ರ ಗರ್ಭನಿರೋಧಕವಾಗಿ ಬಳಸ್ಬಹುದಾ ಅಂತ ವಿಜ್ಞಾನಿಗಳು ಪ್ರಯೋಗ ಮಾಡಿದಾರೆ ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಇಂಜೆಕ್ಷನ್, ಜೆಲ್, ಜಿಮ್ಮಿನ ಸ್ಟೆರಾಯ್ಡ್ ಎಲ್ಲಾ ಒಂದೇ ಜಾತಿ. ನಿಲ್ಸಿದ್ರೆ ಹೆಚ್ಚಿನವ್ರಿಗೆ ವಾಪಸ್ ಬರತ್ತೆ, ಆದ್ರೆ 6 ತಿಂಗಳೋ 1 ವರ್ಷವೋ, ಕೆಲವರಿಗೆ ಅದಕ್ಕಿಂತ ಜಾಸ್ತಿ ಹಿಡಿಯತ್ತೆ, ವಯಸ್ಸಾಗಿದ್ರೆ, ತುಂಬಾ ವರ್ಷ ತಗೊಂಡಿದ್ರೆ ಇನ್ನೂ ನಿಧಾನ. ಟೆಸ್ಟೋಸ್ಟೆರಾನ್ ನಿಜವಾಗ್ಲೂ ಕಮ್ಮಿ ಇದ್ದು ಮಗುನೂ ಬೇಕು ಅಂದ್ರೆ ದಾರಿ ಇದೆ, ಕ್ಲೋಮಿಫೀನ್, ಎಚ್‌ಸಿಜಿ ಥರದ ಔಷಧಿಗಳು ದೇಹದ ಸ್ವಂತ ಉತ್ಪಾದನೆನೇ ಜಾಸ್ತಿ ಮಾಡ್ತವೆ, ಅದನ್ನ ಆಂಡ್ರಾಲಜಿಸ್ಟ್, ಅಂದ್ರೆ ಗಂಡಸ್ರ ಸಂತಾನದ ತೊಂದ್ರೆ ನೋಡೋ ಡಾಕ್ಟರ್, ಕೊಡ್ತಾರೆ. ಡಾಕ್ಟರ್ ಹತ್ರ ಹೋದಾಗ ಮೊದಲ್ನೇ ವಾಕ್ಯಾನೇ "ನಮಗೆ ಮಗು ಬೇಕು" ಅಂತಿರ್ಲಿ, ಸುಸ್ತು ಅಂತ ಮಾತ್ರ ಹೇಳಿದ್ರೆ ಬೇರೆ ಚೀಟಿ ಕೈಗೆ ಬರ್ಬಹುದು.

ಬೇರೆ ಮಾತ್ರೆಗಳೂ ಇವೆ. ಪ್ರಾಸ್ಟೇಟಿಗೆ ಕೊಡೋ ಟ್ಯಾಮ್ಸುಲೋಸಿನ್ ಥರದವು ವೀರ್ಯ ಹೊರಗೆ ಬರೋದನ್ನೇ ಕಮ್ಮಿ ಮಾಡ್ಬಹುದು, ಕೂದಲು ಉದುರೋದಕ್ಕೆ ತಗೊಳ್ಳೋ ಫಿನಾಸ್ಟೆರೈಡ್ ಕೆಲವರಲ್ಲಿ ಕೌಂಟ್ ಇಳಿಸತ್ತೆ, ನಿಲ್ಸಿದ್ಮೇಲೆ ಸಾಮಾನ್ಯವಾಗಿ ಸರಿಹೋಗತ್ತೆ. ಕರುಳಿನ ಕಾಯಿಲೆಗೆ ಕೊಡೋ ಸಲ್ಫಾಸಲಜೀನ್ ಕೂಡ ಹಾಗೇ. ಖಿನ್ನತೆಗೆ ಕೊಡೋ ಕೆಲವು ಮಾತ್ರೆಯಿಂದ ವೀರ್ಯಸ್ಖಲನ ತಡ ಆಗತ್ತೆ. ಇದನ್ನ ಓದಿ ನಾಳೆನೇ ಮಾತ್ರೆ ಬಿಸಾಕ್ಬೇಡಿ, ಪಟ್ಟಿ ತಗೊಂಡ್ ಹೋಗಿ ಕೇಳಿ, ಬಹಳಷ್ಟಕ್ಕೆ ಬದಲಿ ಔಷಧಿ ಇರತ್ತೆ. ಪಟ್ಟೀಲಿ ಪುಡಿ, ಲೇಹ್ಯ, ಪ್ರೋಟೀನ್ ಡಬ್ಬಿ ಎಲ್ಲಾ ಇರ್ಲಿ, "ನ್ಯಾಚುರಲ್" ಅಂತ ಬರೆದಿರೋದ್ರೊಳಗೆ ಏನು ಬೆರೆಸಿರ್ತಾರೆ ಅಂತ ಯಾರಿಗೆ ಗೊತ್ತು.

ಸ್ಟೆಪ್ 4: ಪ್ಯಾಂಟ್ ಬಿಚ್ಚಿ ಡಾಕ್ಟರಿಗೆ ತೋರ್ಸಿ

ರಿಪೋರ್ಟ್ ಮಾತ್ರ ಕಳಿಸಿ ಔಷಧಿ ಕೇಳೋದು ನಡೆಯಲ್ಲ. ಯುರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಕೈಯಿಂದ ಮುಟ್ಟಿ ನೋಡಿದ್ರೇನೇ ವೃಷಣದ ಸೈಜ್, ಗಂಟು ಇದ್ಯಾ, ವೀರ್ಯನಾಳ ಇದ್ಯಾ, ವೇರಿಕೋಸೀಲ್ ಇದ್ಯಾ ಅನ್ನೋದು ಗೊತ್ತಾಗೋದು. ವೇರಿಕೋಸೀಲ್ ಅಂದ್ರೆ ವೃಷಣದ ಮೇಲಿನ ರಕ್ತನಾಳಗಳು ಉಬ್ಬಿ ಗಂಟುಗಂಟಾಗೋದು, ಹೆಚ್ಚಾಗಿ ಎಡಗಡೆ. ಒಟ್ಟು ಗಂಡಸ್ರಲ್ಲಿ ಸುಮಾರು 15 ಪರ್ಸೆಂಟ್ ಜನಕ್ಕೆ ಇರತ್ತೆ, ಮಕ್ಕಳಾಗದೇ ಟೆಸ್ಟಿಗೆ ಬಂದವ್ರಲ್ಲಿ ಹತ್ತತ್ರ 40 ಪರ್ಸೆಂಟ್ ಜನಕ್ಕೆ. ವರ್ಷಗಟ್ಲೆ ಇದ್ದು ಇದ್ದು ಒಳಗೆ ಬಿಸಿ ಜಾಸ್ತಿ ಮಾಡಿ ನಿಧಾನವಾಗಿ ಕೆಡಿಸತ್ತೆ, ಹಾಗಾಗಿ ಮೊದಲ್ನೇ ಮಗು ಸಲೀಸಾಗಿ ಆಗಿ ಹತ್ತು ವರ್ಷ ಬಿಟ್ಟು ಎರಡ್ನೇದು ಆಗ್ತಿಲ್ಲ ಅನ್ನೋವ್ರೂ ತೋರಿಸ್ಬೇಕು. ಕೈಗೆ ಸಿಗೋ ಹಾಗಿದ್ದು ರಿಪೋರ್ಟೂ ಕೆಟ್ಟಿದ್ರೆ ಸಣ್ಣ ಆಪರೇಶನ್ ಮಾಡ್ತಾರೆ, ಫಲಿತಾಂಶ ಕಾಣೋಕೆ 3ರಿಂದ 6 ತಿಂಗಳು ಬೇಕು. ಸ್ಕ್ಯಾನಲ್ಲಿ ಮಾತ್ರ ಕಾಣೋ ಚಿಕ್ಕದಕ್ಕೆ ಆಪರೇಶನ್ ಬೇಕಾಗಲ್ಲ. ಹೆಂಡ್ತಿ ವಯಸ್ಸು ಆ 6 ತಿಂಗಳು ಕೊಡೋ ಹಾಗಿದ್ಯಾ ಅನ್ನೋದನ್ನ ಆಪರೇಶನ್‌ಗೆ ಒಪ್ಪೋ ಮುಂಚೆನೇ ಕೇಳಿ.

ಕೌಂಟ್ ತುಂಬಾ ಕಮ್ಮಿ ಇದ್ರೆ ಎಫ್‌ಎಸ್‌ಎಚ್ ಮತ್ತೆ ಟೆಸ್ಟೋಸ್ಟೆರಾನ್ ರಕ್ತಪರೀಕ್ಷೆ ಬರೀತಾರೆ, ಟೆಸ್ಟೋಸ್ಟೆರಾನನ್ನ ಬೆಳಿಗ್ಗೆ 10ರ ಒಳಗೇ ಕೊಡಿ, ಮಧ್ಯಾಹ್ನ ತನ್ನಷ್ಟಕ್ಕೆ ಇಳಿದಿರತ್ತೆ. ತೀರಾ ಕಮ್ಮಿ ಅಥವಾ ಸೊನ್ನೆ ಇದ್ರೆ ಕ್ರೋಮೋಸೋಮ್ ಟೆಸ್ಟ್ ಕೂಡ.

ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ನೋಡ್ಸಿ. ನಿಮಿರುವಿಕೆ ತೊಂದ್ರೆ ಇದ್ರೆ ಬಾಯಿಬಿಟ್ಟು ಹೇಳಿ, ಟೆನ್ಶನ್ ಅಂತ ತಳ್ಳಾಕ್ಬೇಡಿ, ಅಲ್ಲಿನ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಕಟ್ಕೊಳ್ಳೋ ಲಕ್ಷಣ ಮೊದ್ಲು ಅಲ್ಲೇ ಕಾಣ್ಬಹುದು, ಎದೆನೋವು ಬರೋಕೆ ಕೆಲವು ವರ್ಷ ಮುಂಚೆನೇ. ಅದಕ್ಕೆ ಮಾತ್ರೆ ಬೇಕಾದ್ರೆ ಡಾಕ್ಟರ್ ಬರೆದ್ಕೊಟ್ಟಿದ್ದೇ ತಗೊಳ್ಳಿ, ಹೃದಯಕ್ಕೆ ನೈಟ್ರೇಟ್ ತಗೊಳ್ತಿದ್ರಂತೂ ಸಿಲ್ಡೆನಾಫಿಲ್ (ವಯಾಗ್ರಾ) ಮುಟ್ಲೇಬಾರ್ದು, ಬಿಪಿ ಅಪಾಯಕ್ಕೆ ಇಳಿಯತ್ತೆ. ಹಳೇ ಶುಗರ್ ಇದ್ದವ್ರಲ್ಲಿ ವೀರ್ಯ ಹೊರಗೆ ಬರೋ ಬದ್ಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗೋದೂ ಇದೆ, ಬರೀ ಒಂದೆರಡು ಹನಿ ಬರ್ತಿದೆ, ಆಮೇಲೆ ಮೂತ್ರ ಬೆಳ್ಳಗೆ ಮಂಜಾಗಿ ಹೋಗ್ತಿದೆ ಅಂದ್ರೆ ಅದನ್ನೂ ಹೇಳ್ಬೇಕು.

ಸ್ಟೆಪ್ 5: ಮೂರು ತಿಂಗಳು, ಬಿಡ್ಬೇಕಾದ್ದನ್ನ ಬಿಟ್ಟು ನೋಡಿ

ಇವತ್ತು ಬಿಟ್ಟಿದ್ದು ಮೂರ್ ತಿಂಗಳಾದ್ಮೇಲಿನ ವೀರ್ಯದಲ್ಲಿ ಕಾಣೋದು, ಅದಕ್ಕೇ ವಾರಕ್ಕೊಂದ್ಸಲ ಟೆಸ್ಟ್ ಮಾಡ್ಸಿ ತಲೆಬಿಸಿ ಮಾಡ್ಕೋಬೇಡಿ.

ತಂಬಾಕು ಮೊದ್ಲು. ಸೇದೋದಾಗ್ಲಿ ಅಗಿಯೋದಾಗ್ಲಿ, ಕೌಂಟ್, ಓಟ, ಡಿಎನ್‌ಎ ಮೂರನ್ನೂ ಹೊಡೆಯತ್ತೆ, ವಯಸ್ಸು ಡಿಎನ್‌ಎಗೆ ಏನ್ ಮಾಡತ್ತೋ ಅದನ್ನೇ ಇದೂ ಸೇರ್ಕೊಂಡು ಮಾಡತ್ತೆ. ಕಮ್ಮಿ ಮಾಡೋದಲ್ಲ, ಬಿಡೋದು. ಗಾಂಜಾನೂ ಬೇಡ. ಕುಡಿತ ಅಪರೂಪಕ್ಕೆ ಒಂದಾದ್ರೆ ದೊಡ್ಡ ವಿಷ್ಯ ಅಲ್ಲ, ದಿನಾ ಕುಡಿಯೋದು, ವಾರದ ಕೊನೇಲಿ ಮಿತಿಮೀರಿ ಕುಡಿಯೋದು ಎರಡೂ ಕೆಡ್ಸತ್ತೆ.

ಆಮೇಲೆ ಹೊಟ್ಟೆ. ಕೊಬ್ಬಿನ ಕೋಶಗಳು ಟೆಸ್ಟೋಸ್ಟೆರಾನನ್ನ ಈಸ್ಟ್ರೋಜೆನ್ ಆಗಿ ಬದಲಾಯಿಸ್ತವೆ, ತೊಡೆ ಸಂದಿ ಬಿಸಿಯೂ ಜಾಸ್ತಿ ಆಗತ್ತೆ, ಜೊತೆಗೆ ಶುಗರ್, ನಿದ್ದೇಲಿ ಉಸಿರು ಕಟ್ಟೋದು ಎಲ್ಲಾ ಹಿಂದೆನೇ ಬರತ್ತೆ. ಜೋರು ಗೊರಕೆ ಹೊಡೆದು ಬೆಳಿಗ್ಗೆ ಎದ್ರೂ ಸುಸ್ತು ಅನ್ನೋವ್ರು ಟೆಸ್ಟೋಸ್ಟೆರಾನ್ ಬಗ್ಗೆ ಯೋಚ್ನೆ ಮಾಡೋ ಮುಂಚೆ ಅದನ್ನ ತೋರ್ಸಿ. ದಿನಕ್ಕೆ ಅರ್ಧ ಗಂಟೆ ಜೋರಾಗಿ ನಡೆಯೋದು, ವಾರಕ್ಕೆ ಎರಡು ಸಲ ಭಾರ ಎತ್ತೋ ವ್ಯಾಯಾಮ, 7 ಗಂಟೆ ನಿದ್ದೆ, ತರಕಾರಿ ಹಣ್ಣು ಕಾಳು ಬೀಜ ಜಾಸ್ತಿ, ಕರಿದಿದ್ದು ಸಿಹಿ ಕಮ್ಮಿ, ಹೊಸದೇನಿಲ್ಲ, ಹೃದಯಕ್ಕೆ ಹೇಳೋದನ್ನೇ ಇಲ್ಲೂ ಹೇಳೋದು.

ಬಿಸಿ. ವೃಷಣ ದೇಹದ ಹೊರಗೆ ನೇತಾಡ್ತಿರೋದೇ ತಣ್ಣಗಿರ್ಲಿ ಅಂತ, ಮೈ ಬಿಸಿಗಿಂತ 2ರಿಂದ 4 ಡಿಗ್ರಿ ಕಮ್ಮಿ ಬೇಕು ಅದಕ್ಕೆ. ತೊಡೆ ಮೇಲೆ ಲ್ಯಾಪ್‌ಟಾಪ್, ಬಿಸಿನೀರ ತೊಟ್ಟೀಲಿ ಕೂರೋದು, ಸೌನಾ, ಬಿಗಿ ಚಡ್ಡಿ, ಸೀಟ್ ಹೀಟರ್ ಇವನ್ನ ಬಿಡಿ. ಒಲೆ, ಕುಲುಮೆ, ಬಾಯ್ಲರ್ ಹತ್ರ ಕೆಲ್ಸ ಮಾಡೋವ್ರು, ದಿನವಿಡೀ ಗಾಡಿ ಓಡ್ಸೋವ್ರು ಕೆಲ್ಸ ಬಿಡೋಕಾಗಲ್ಲ, ಗಂಟೆಗೊಂದ್ಸಲ ಎದ್ದು ಓಡಾಡಿ, ಸಡಿಲ ಬಟ್ಟೆ ಹಾಕಿ. ಕೀಟನಾಶಕ, ಸೀಸ, ಸಾಲ್ವೆಂಟ್ ಜೊತೆ ಕೆಲ್ಸ ಇದ್ರೆ ಗ್ಲೌಸ್ ಮಾಸ್ಕ್ ತಪ್ಪಿಸ್ಬೇಡಿ, ಡಾಕ್ಟರಿಗೂ ಹೇಳಿ.

ಸಪ್ಲಿಮೆಂಟ್ ಬಗ್ಗೆ ಕೇಳೇ ಕೇಳ್ತೀರಿ. ಜಿಂಕ್ ಮತ್ತೆ ಫೋಲಿಕ್ ಆಸಿಡ್ ಗಂಡಸ್ರಿಗೆ ಕೊಟ್ಟು ಅಮೆರಿಕದಲ್ಲಿ 2,300ಕ್ಕೂ ಹೆಚ್ಚು ಜೋಡಿಗಳ ಮೇಲೆ ಮಾಡಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು, ಮಗು ಹುಟ್ಟೋ ಸಾಧ್ಯತೆ ಒಂಚೂರೂ ಜಾಸ್ತಿ ಆಗ್ಲಿಲ್ಲ, ವೀರ್ಯದ ಅಳತೆಗಳೂ ಸುಧಾರಿಸ್ಲಿಲ್ಲ, ಹೊಟ್ಟೆ ತೊಂದ್ರೆ ಮಾತ್ರ ಜಾಸ್ತಿ ಆಯ್ತು. ಅದೇ ವರ್ಷ ಬಂದ ಆಂಟಿಆಕ್ಸಿಡೆಂಟ್ ಮಿಶ್ರಣದ ಇನ್ನೊಂದು ಪ್ರಯೋಗದಲ್ಲೂ ಲಾಭ ಕಾಣ್ಲಿಲ್ಲ. ರಕ್ತದಲ್ಲಿ ಏನಾದ್ರೂ ಕೊರತೆ ಇದ್ರೆ ಅದನ್ನ ತುಂಬ್ಸಿ, ಅದು ಬೇರೆ. ಅಷ್ಟು ದುಡ್ಡು ಕೊಟ್ಟು ಡಬ್ಬಿ ತಗೊಂಡು, ಆ ಕಡೆ ಸಿಗರೇಟು ಸೇದ್ತಾ ಇರೋದು ನೋಡಿದ್ರೆ ನಗ್ಬೇಕೋ ಅಳ್ಬೇಕೋ ಗೊತ್ತಾಗಲ್ಲ.

ಸ್ಟೆಪ್ 6: ಈ ಮೂರು ತಿಂಗಳು ಸುಮ್ನೆ ಕೂರ್ಬೇಡಿ

ಪ್ರಯತ್ನ ನಡೀತಾ ಇರ್ಲಿ. ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಿರ್ಬಹುದು, ಮೊಟ್ಟೆ ಹೊರಗೆ ಬಂದ್ಮೇಲೆ ಬದುಕೋದು ಒಂದ್ ದಿನ ಅಷ್ಟೇ, ಹಾಗಾಗಿ ಮೊಟ್ಟೆ ಬಿಡುಗಡೆ ಆಗೋ ದಿನ ಮತ್ತೆ ಅದಕ್ಕಿಂತ ಹಿಂದಿನ 5 ದಿನ, ಇಷ್ಟೇ ಕೆಲಸಕ್ಕೆ ಬರೋ ಕಾಲ. ಆಗ ದಿನ ಬಿಟ್ಟು ದಿನ ಅಥವಾ ದಿನಾ ಸೇರಿದ್ರೆ ಸಾಕು, ಕೂಡಿಟ್ಟು ಕೂಡಿಟ್ಟು ಒಂದೇ ದಿನಕ್ಕೆ ಅಂತ ಕಾಯೋದು ವಯಸ್ಸಾದವ್ರಿಗಂತೂ ಬೇಡವೇ ಬೇಡ, ಹೊಸದಾಗಿ ಬರ್ತಾ ಇದ್ರೆ ಡಿಎನ್‌ಎ ಡ್ಯಾಮೇಜ್ ಕಮ್ಮಿ. ಲೂಬ್ರಿಕೆಂಟ್ ಜೆಲ್‌ಗಳಲ್ಲಿ ಎಷ್ಟೋ ಜೆಲ್‌ಗಳು ವೀರ್ಯಾಣುಗಳ ಓಟ ಕಮ್ಮಿ ಮಾಡ್ತವೆ, ಬೇಕೇ ಬೇಕು ಅಂದ್ರೆ ವೀರ್ಯಾಣುವಿಗೆ ತೊಂದ್ರೆ ಇಲ್ಲ ಅಂತ ಟೆಸ್ಟ್ ಆಗಿರೋದು ನೋಡಿ ತಗೊಳ್ಳಿ. ಕ್ಯಾಲೆಂಡರ್ ನೋಡಿ ನೋಡಿ ಅದೊಂದು ಡ್ಯೂಟಿ ಥರ ಆಗೋದು ನಿಜ, ಆ ಒತ್ತಡಕ್ಕೇ ಆ ದಿನ ಆಗ್ದೇ ಹೋಗೋವ್ರೂ ಇದಾರೆ, ಅದನ್ನ ಇಬ್ರೂ ಮಾತಾಡ್ಕೊಳ್ಳಿ.

ಸ್ಟೆಪ್ 7: ಮತ್ತೆ ಟೆಸ್ಟ್, ಆಮೇಲೆ ಯಾವ ದಾರಿ

ಮೂರು ತಿಂಗಳಾದ್ಮೇಲೆ ಅದೇ ಲ್ಯಾಬಲ್ಲಿ, ಅಷ್ಟೇ ದಿನ ಗ್ಯಾಪ್ ಕೊಟ್ಟು ಟೆಸ್ಟ್ ಮಾಡ್ಸಿ. ಸುಧಾರಿಸಿದ್ರೆ, ಹೆಂಡ್ತಿ ವಯಸ್ಸು ಕಮ್ಮಿ ಇದ್ರೆ, ಇನ್ನೂ ಸ್ವಲ್ಪ ಕಾಲ ಹಾಗೇ ಪ್ರಯತ್ನ ಮಾಡ್ಬಹುದು. ಓಟ ಸ್ವಲ್ಪ ಕಮ್ಮಿ ಇದ್ರೆ ಐಯುಐ ಇದೆ, ವೀರ್ಯ ತೊಳೆದು ಚೆನ್ನಾಗಿ ಓಡೋವನ್ನ ಸೀದಾ ಗರ್ಭಕೋಶಕ್ಕೆ ಬಿಡೋದು, ತೊಳೆದ್ಮೇಲೆ ಓಡೋವು 50 ಲಕ್ಷದಿಂದ 1 ಕೋಟಿನಾದ್ರೂ ಇದ್ರೆ ಮಾಡೋದಕ್ಕೆ ಅರ್ಥ. ಅದಕ್ಕಿಂತ ಕಮ್ಮಿ ಇದ್ರೆ ಐವಿಎಫ್ ಜೊತೆ ಇಕ್ಸಿ, ಒಂದೊಂದು ಮೊಟ್ಟೆಗೆ ಒಂದೊಂದು ವೀರ್ಯಾಣುನ ಸೂಜಿಯಿಂದ ಒಳಗೆ ಬಿಡೋದು. ವೀರ್ಯದಲ್ಲಿ ಸೊನ್ನೆ ಇದ್ರೂ ವೃಷಣದಿಂದಲೇ ಹುಡುಕಿ ತೆಗೆಯೋ ಆಪರೇಶನ್ ಇದೆ, ಎಲ್ರಿಗೂ ಸಿಗತ್ತೆ ಅಂತ ಇಲ್ಲ. ಇಕ್ಸಿ ಇದೆ ಅಂತ ಗಂಡಸು ಏನೂ ಬದಲಾಯಿಸ್ದೇ ಇರ್ಬಹುದು ಅನ್ಕೊಂಡ್ರೆ ಅದು ತಪ್ಪು, ಸೂಜಿ ವೀರ್ಯಾಣುನ ಮೊಟ್ಟೆ ಒಳಗೆ ಸೇರಿಸತ್ತೆ, ಒಳಗಿನ ಡಿಎನ್‌ಎ ರಿಪೇರಿ ಮಾಡಲ್ಲ. ಇಂಜೆಕ್ಷನ್, ಸ್ಕ್ಯಾನ್, ಮೊಟ್ಟೆ ತೆಗೆಯೋದು ಎಲ್ಲಾ ಹೆಂಡ್ತಿ ಮೈಮೇಲೇ ನಡೆಯೋದು ಅಂತಾನೂ ಮರೀಬೇಡಿ.

ಈಗ ಬೇಡ, ಆಮೇಲೆ ಅನ್ನೋವ್ರಿಗೆ

ಇನ್ನೂ ಮದುವೆ ಆಗಿಲ್ಲ, ಮಗು ಐದಾರು ವರ್ಷ ಆದ್ಮೇಲೆ ಅನ್ನೋವ್ರಿಗೆ ವೀರ್ಯ ಫ್ರೀಜ್ ಮಾಡೋ ದಾರಿ ಇದೆ, ದ್ರವ ನೈಟ್ರೋಜನ್ನಲ್ಲಿ ಮೈನಸ್ 196 ಡಿಗ್ರೀಲಿ ಇಡ್ತಾರೆ, 20 ವರ್ಷ ದಾಟಿ ಇಟ್ಟಿದ್ದರಿಂದಲೂ ಆರೋಗ್ಯವಾದ ಮಕ್ಕಳು ಹುಟ್ಟಿದಾವೆ. ಕರಗಿಸಿದಾಗ ಒಂದಷ್ಟು ಸತ್ತೋಗತ್ತೆ, ಅದಕ್ಕೇ ಒಂದಕ್ಕಿಂತ ಜಾಸ್ತಿ ಸ್ಯಾಂಪಲ್ ಇಡೋದು. ಕ್ಯಾನ್ಸರ್ ಚಿಕಿತ್ಸೆ ಶುರುವಾಗೋ ಮುಂಚೆ ಇದನ್ನ ಮಾಡ್ಲೇಬೇಕು, ಅದ್ರಲ್ಲಿ ಚರ್ಚೆನೇ ಇಲ್ಲ. ಸಂತಾನಹರಣ ಆಪರೇಶನ್ ಮಾಡಿಸ್ಕೊಳ್ಳೋ ಮುಂಚೆನೂ ಯೋಚ್ನೆ ಮಾಡ್ಬಹುದು. ಬರೀ ವಯಸ್ಸಾಗತ್ತೆ ಅನ್ನೋ ಭಯಕ್ಕೆ ಎಲ್ರೂ ಫ್ರೀಜ್ ಮಾಡ್ಬೇಕಾ ಅಂದ್ರೆ, ನನ್ನ ಪ್ರಕಾರ ಬೇಡ, ಮೊದ್ಲು ಒಂದು ಟೆಸ್ಟ್ ಮಾಡ್ಸಿ, ಈಗ್ಲೇ ಗೆರೆ ಅಂಚಲ್ಲಿದೆ ಅಂದ್ರೆ ಆಗ ಯೋಚ್ನೆ ಮಾಡಿ.

ಮಗು ಆರೋಗ್ಯದ ಭಯ

ಮೇಲೆ ಬಿಟ್ಟಿದ್ದ ಮ್ಯುಟೇಶನ್ ಲೆಕ್ಕ. ತಂದೆ ವಯಸ್ಸು ಜಾಸ್ತಿ ಇದ್ದಾಗ ಅಕಾಂಡ್ರೋಪ್ಲೇಸಿಯಾ ಅನ್ನೋ ಕುಳ್ಳತನ, ತಲೆಬುರುಡೆ ಮೂಳೆ ಬೇಗ ಕೂಡ್ಕೊಳ್ಳೋ ಅಪರ್ಟ್ ಸಿಂಡ್ರೋಮ್ ಥರದ, ಒಂದೇ ಜೀನ್ ಕೆಟ್ಟು ಬರೋ ಅಪರೂಪದ ಕಾಯಿಲೆಗಳು ಜಾಸ್ತಿ ಕಾಣತ್ತೆ, ಆಟಿಸಂ ಮತ್ತೆ ಸ್ಕಿಜೋಫ್ರೇನಿಯಾ ರಿಸ್ಕ್ ಕೂಡ ಸ್ವಲ್ಪ ಏರತ್ತೆ. ಆದ್ರೆ ತೀರಾ ಅಪರೂಪದ್ದು ಹಲವು ಪಟ್ಟು ಜಾಸ್ತಿ ಆದ್ರೂ ಅಪರೂಪವಾಗೇ ಉಳಿಯತ್ತೆ, ನಲವತ್ತು ನಲವತ್ತೈದರ ಅಪ್ಪಂದಿರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗೇ ಹುಟ್ತಾವೆ. ಇದಕ್ಕೆ ಅಂತಾನೇ ಗಂಡಸಿಗೆ ಮಾಡೋ ಸ್ಪೆಷಲ್ ಟೆಸ್ಟ್ ಯಾವ್ದೂ ಇಲ್ಲ, ಯಾರಾದ್ರೂ ಇದೆ ಅಂತ ಮಾರೋಕೆ ಬಂದ್ರೆ ಪ್ರಶ್ನೆ ಕೇಳಿ. ಕುಟುಂಬದಲ್ಲಿ ಮೊದ್ಲೇ ಆನುವಂಶಿಕ ಕಾಯಿಲೆ ಇದ್ರೆ, ಅಥವಾ ಎರಡ್ಮೂರು ಸಲ ಗರ್ಭಪಾತ ಆಗಿದ್ರೆ, ಜೆನೆಟಿಕ್ ಕೌನ್ಸೆಲರ್ ಹತ್ರ ಇಬ್ರೂ ಒಟ್ಟಿಗೆ ಹೋಗಿ. ಗರ್ಭ ನಿಂತ್ಮೇಲೆ ಮಾಮೂಲಿ ಮಾಡೋ 11ರಿಂದ 14 ವಾರದ ಸ್ಕ್ಯಾನ್, 18ರಿಂದ 22 ವಾರದ ಅನಾಮಲಿ ಸ್ಕ್ಯಾನ್ (ಮಗು ಅಂಗಾಂಗ ಸರಿ ಇದ್ಯಾ ಅಂತ ನೋಡೋದು) ಎರಡನ್ನೂ ತಪ್ಪಿಸ್ಬೇಡಿ, ಸ್ಕ್ಯಾನ್ ಮಾಡೋ ಡಾಕ್ಟರಿಗೆ ಅಪ್ಪನ ವಯಸ್ಸೆಷ್ಟು ಅಂತಾನೂ ಹೇಳಿ, ಹೆಚ್ಚಿನ ಕಡೆ ಅಮ್ಮನ ವಯಸ್ಸು ಮಾತ್ರ ಬರ್ಕೊಳ್ತಾರೆ.